ಬುಟ್ಟಿ ಮುಚ್ಚಿದ ಮೂಲೆ

ಇಂಥ ಅನುಭವಗಳನ್ನು ಬರೆಯುವವರನ್ನು ನಾನು ಬಹಳ ವರ್ಷ ನಂಬುತ್ತಿರಲಿಲ್ಲ. ನಂಬದೇ ಇರುವುದು ನನ್ನ ಕೆಲಸದ ಒಂದು ಭಾಗವೇ ಆಗಿತ್ತು. ರಾಯಚೂರಿನ ಕಾಲೇಜೊಂದರಲ್ಲಿ ನಾನು ಮನಶ್ಶಾಸ್ತ್ರದ ಅಧ್ಯಾಪಕಿಯಾಗಿದ್ದೆ. ನೆನಪಿನ ಪಾಠ ಬಂದಾಗ ಪ್ರತಿ ವರ್ಷ ಒಂದು ಆಟ ಹೂಡುತ್ತಿದ್ದೆ. ಪಾಠದ ನಡುವೆ ಜವಾನ ಬಾಗಿಲಿಗೆ ಬಂದು ನನ್ನ ಕೈಗೆ ಏನೋ ಕೊಟ್ಟು ಹೋಗುವನು. ಹತ್ತು ದಿನ ಬಿಟ್ಟು, ಅವನು ಏನು ಕೊಟ್ಟ, ಏನು ಅಂದ, ತಲೆಯ ಮೇಲೆ ಏನಿತ್ತು ಎಂದು ವಿದ್ಯಾರ್ಥಿಗಳೆಲ್ಲ ಬರೆಯಬೇಕು. ಬರಿದಲೆಯ ಜವಾನನಿಗೆ ಅರ್ಧ ತರಗತಿ ಟೊಪ್ಪಿಗೆ ತೊಡಿಸುತ್ತಿತ್ತು. ಒಬ್ಬಳಂತೂ ಟೊಪ್ಪಿಗೆಯ ಬಣ್ಣವನ್ನೂ ಬರೆದಿದ್ದಳು. ದೆವ್ವ ಕಂಡವರು, ಕನಸಿನಲ್ಲಿ ಸಾವಿನ ಸುದ್ದಿ ತಿಳಿದವರು, ಎಲ್ಲರೂ ನನ್ನ ಪಾಲಿಗೆ ಬರಿದಲೆಗೆ ಟೊಪ್ಪಿಗೆ ತೊಡಿಸಿದವರೇ.

ಈಗ ನಾನು ಹೇಳುವುದನ್ನು ಓದುವಾಗ ನೀವೂ ಆ ಆಟವನ್ನು ಮರೆಯಬೇಡಿ. ಇದನ್ನು ಹಿಂದೆ ಎರಡು ಸಲ ಬರೆದು ಹರಿದಿದ್ದೇನೆ. ಬರೆದಾಗಲೆಲ್ಲ ಅದು ಕಥೆಯ ಹಾಗೆ ಚೆಂದವಾಗಿ ಜೋಡಣೆಯಾಗಿಬಿಡುತ್ತಿತ್ತು. ಹಾಗೆ ಜೋಡಣೆಯಾದದ್ದನ್ನು ಕಂಡರೆ ನನಗೆ ಅನುಮಾನ. ಈ ಸಲ ಎಲ್ಲೆಲ್ಲಿ ಖಾತ್ರಿಯಿಲ್ಲವೋ ಅಲ್ಲಲ್ಲಿ ಹಾಗೆಂದು ಹೇಳುತ್ತ ಹೋಗುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ವಾರಕ್ಕೊಮ್ಮೆ, ಮಂಗಳವಾರ ಮಧ್ಯಾಹ್ನ, ನಾನು ಜೈಲಿನ ಹೆಂಗಸರ ವಿಭಾಗಕ್ಕೆ ಹೋಗುತ್ತಿದ್ದೆ. ಎರಡು ಕೋಣೆ, ಹಾಸುಗಲ್ಲಿನ ಒಂದು ಅಂಗಳ, ಒಂದು ಬೇವಿನ ಮರ. ಹತ್ತು ಹನ್ನೆರಡು ಜನ ಹೆಂಗಸರು. ಜೈಲಿನಲ್ಲಿರುವ ಹೆಂಗಸರ ಮನಸ್ಸು ಹೇಗಿರುತ್ತದೆ, ಬಿಡುಗಡೆಯಾದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ಅಧ್ಯಯನ ಮಾಡುತ್ತೇನೆಂದು ಅನುಮತಿ ಪಡೆದಿದ್ದೆ. ಗಂಡಸು ಬಿಡುಗಡೆಯಾದರೆ ಮನೆಗೆ ಹೋಗುತ್ತಾನೆ. ಹೆಂಗಸು ಬಿಡುಗಡೆಯಾದರೆ ಮೊದಲು ಮನೆಯವರನ್ನು ಕೇಳಬೇಕು. ಆ ಕೇಳುವ ಕೆಲಸ ಮೆಲ್ಲಗೆ ನನ್ನ ಮೇಲೆ ಬಿತ್ತು. ಮನೆಯವರು ಸೇರಿಸಿಕೊಳ್ಳುತ್ತಾರೆ ಎಂದು ನಾನು ವರದಿ ಬರೆದರೆ ಅವಧಿಗೆ ಮುಂಚೆ ಬಿಡುಗಡೆಯ ದಾರಿ ಸಲೀಸಾಗುತ್ತಿತ್ತು. ಇಲ್ಲವಾದರೆ ಪೂರ್ತಿ ಶಿಕ್ಷೆ, ಆಮೇಲೆ ಯಾವುದೋ ದೂರದ ಊರಿನ ಮಹಿಳಾ ನಿಲಯ.

ಮೊದಮೊದಲು ಪುಸ್ತಕದಲ್ಲಿದ್ದ ಪರೀಕ್ಷೆಗಳನ್ನೇ ಹೊತ್ತುಕೊಂಡು ಹೋದೆ. ಪರದೇಶದ ಚಿತ್ರಗಳಿದ್ದ ಕಾರ್ಡುಗಳು. ನೋಡಿ ಒಂದು ಕತೆ ಹೇಳಬೇಕು. ಒಂದರಲ್ಲಿ ಉದ್ದ ಲಂಗದ ಹೆಂಗಸೊಬ್ಬಳು ಕಿಟಕಿಯ ಹತ್ತಿರ ನಿಂತಿದ್ದಳು. ಅದನ್ನು ಈರಮ್ಮನ ಕೈಗೆ ಕೊಟ್ಟೆ. ಅಲ್ಲಿದ್ದವರಲ್ಲಿ ಮಾತಿಗೆ ಮುಂದೆ ಅವಳೇ. ತಿರುಗಿಸಿ ಮುರುಗಿಸಿ ನೋಡಿ ಅಂದಳು:

"ಈಕಿಗೆ ಕೂಲಿ ಸಿಗಲಿಲ್ಲೇನ್ರಿ ಅಕ್ಕಾರ, ಹಗಲೊತ್ತಿನ್ಯಾಗ ಕಿಡಕ್ಯಾಗ ನಿಂತಾಳ?"

ಎಲ್ಲರೂ ನಕ್ಕರು. ಮೈಸೂರು ಕಡೆಯ ನನ್ನ ಮಾತೂ ಅವರಿಗೆ ತಮಾಷೆಯದೇ. "ನೀವ್ ಬಾಯಿ ತಗದ್ರ ರೇಡಿಯೋ ಹಚ್ಚಿದಂಗ ಆಗ್ತದ್ರಿ," ಎನ್ನುತ್ತಿದ್ದಳು ಈರಮ್ಮ.

ಕಾರ್ಡುಗಳನ್ನು ಮನೆಯಲ್ಲಿಟ್ಟು ಬೇರೆ ರೀತಿಯೊಂದನ್ನು ನಾನೇ ಮಾಡಿಕೊಂಡೆ. ಒಲೆಯ ಇದ್ದಿಲು ಕೈಗೆ ಕೊಟ್ಟು, ಹಾಸುಗಲ್ಲಿನ ಮೇಲೆ ನಿಮ್ಮ ಮನೆ ಬರೆಯಿರಿ ಎನ್ನುವುದು. ಬಾಗಿಲು ಎಲ್ಲಿ, ಒಲೆ ಎಲ್ಲಿ, ನೀರಿನ ಕೊಡ ಎಲ್ಲಿ. ಆಮೇಲೆ, ಯಾರು ಎಲ್ಲಿ ಮಲಗುತ್ತಾರೆ. ಕಟ್ಟಕಡೆಗೆ, ನೀವು ಎಲ್ಲಿ ಮಲಗುತ್ತೀರಿ. ತನ್ನ ಜಾಗವನ್ನು ಹೆಂಗಸು ಎಲ್ಲಿ ತೋರಿಸುತ್ತಾಳೆ, ಎಷ್ಟು ಹೊತ್ತು ಯೋಚಿಸಿ ತೋರಿಸುತ್ತಾಳೆ ಎಂಬುದರಿಂದ ನನಗೆ ಬಹಳ ತಿಳಿಯುತ್ತಿತ್ತು, ಅಥವಾ ತಿಳಿಯುತ್ತದೆ ಎಂದುಕೊಂಡಿದ್ದೆ. ಕಲ್ಲಿನ ಮೇಲಿನದನ್ನು ನನ್ನ ಪುಸ್ತಕಕ್ಕೆ ಇಳಿಸಿಕೊಂಡ ಮೇಲೆ ಅವರೇ ನೀರು ಹಾಕಿ ತೊಳೆಯುತ್ತಿದ್ದರು. ಕೆಲವರು ತೊಳೆಯಲು ಒಪ್ಪದೆ ಸಂಜೆಯವರೆಗೂ ತಮ್ಮ ಮನೆಯ ಪಕ್ಕದಲ್ಲಿ ಕೂತಿರುತ್ತಿದ್ದರು.

ಹುಲಿಗೆಮ್ಮ ಮಾತ್ರ ಇದ್ದಿಲು ಮುಟ್ಟಿರಲಿಲ್ಲ. ಮೂವತ್ತರ ಆಸುಪಾಸಿನವಳು, ತೆಳ್ಳಗೆ, ಎತ್ತರ. ದೇವದುರ್ಗದ ಹತ್ತಿರದ ಹಳ್ಳಿಯೊಂದಕ್ಕೆ ಕೊಟ್ಟ ಹೆಣ್ಣು, ತವರು ಮಾನ್ವಿ. ಗಂಡ ಸೊಲ್ಲಾಪುರದ ಕಡೆ ದುಡಿಯಲು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಆ ಸುದ್ದಿ ತಿಳಿದ ಮೂರನೆಯ ದಿನ ಅವಳು ಎಂಟು ತಿಂಗಳ ಗಂಡುಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು, ನಾಲ್ಕು ವರ್ಷದ ಮಗಳು ದುರುಗಿಯ ಕೈ ಹಿಡಿದು ಹೊಲದ ಬಾವಿಗೆ ಹಾರಿದಳು. ದನ ಕಾಯುತ್ತಿದ್ದವರು ಓಡಿಬಂದು ಎತ್ತಿದರು. ತಾಯಿ ಉಳಿದಳು, ದುರುಗಿ ಉಳಿದಳು, ಕೂಸು ಉಳಿಯಲಿಲ್ಲ. ಕೂಸನ್ನು ಕೊಂದದ್ದಕ್ಕೆ ಅವಳಿಗೆ ಶಿಕ್ಷೆಯಾಯಿತು. ಆರೇಳು ವರ್ಷ ಬೇರೆ ಊರಿನ ಜೈಲಿನಲ್ಲಿದ್ದು, ಕೊನೆಗೆ ಊರ ಹತ್ತಿರವಿರಲಿ ಎಂದು ರಾಯಚೂರಿಗೆ ಬಂದಿದ್ದಳು. ಅಷ್ಟು ವರ್ಷದಲ್ಲಿ ಅವಳನ್ನು ನೋಡಲು ಒಬ್ಬರೂ ಬಂದಿರಲಿಲ್ಲ. ಕಾಗದ ಬರೆಯಲು ಆ ಮನೆಯಲ್ಲಿ ಯಾರಿಗೂ ಅಕ್ಷರ ಬರುತ್ತಿರಲಿಲ್ಲ.

ದುರುಗಿ ಅತ್ತೆಯ ಹತ್ತಿರ ಬೆಳೆಯುತ್ತಿದ್ದಳು. ಹುಲಿಗೆಮ್ಮನಿಗೆ ಬೇಕಾಗಿದ್ದದ್ದು ಒಂದೇ, ಆ ಹುಡುಗಿ ಇರುವ ಮನೆಗೆ ಹೋಗುವುದು. "ದನದ ಕೊಟ್ಟಿಗ್ಯಾಗ ಜಾಗ ಕೊಟ್ರೂ ಸಾಕ್ರಿ," ಎಂದು ಒಮ್ಮೆ ಅಂದಿದ್ದಳು. ನಾನು ಮೊದಲು ಮಾನ್ವಿಗೆ ಹೋಗಿ ಅವಳ ಅಣ್ಣನನ್ನು ಕಂಡೆ. ಅವನು ನನಗೆ ಚಹಾ ತರಿಸಿಕೊಟ್ಟ, ಕೂರಲು ಹಾಸಿಕೊಟ್ಟ, ಆಮೇಲೆ ಬಾಗಿಲ ಕಡೆ ನೋಡುತ್ತ, "ಅಕಿ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ. ನಮ್ಮ ಪಾಲಿಗೆ ಅಕಿ ಬಾವಿ ಬಿಟ್ಟು ಮ್ಯಾಲ ಬಂದೇ ಇಲ್ಲ," ಎಂದ. ಉಳಿದದ್ದು ಅತ್ತೆಯ ಮನೆ. ಅಲ್ಲಿಗೆ ನಾನು ಹಿಂದಿನ ವಾರವೇ ಹೋಗಬೇಕಿತ್ತು. ಪರೀಕ್ಷೆಯ ಉತ್ತರಪತ್ರಿಕೆಗಳು ರಾಶಿ ಬಿದ್ದಿದ್ದವು ಎಂದು ಮುಂದೂಡಿದೆ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ.

ಆ ಮಂಗಳವಾರ ನಾನು ಹೋಗುವ ಹೊತ್ತಿಗೆ ಹುಲಿಗೆಮ್ಮ ಇದ್ದಿಲು ಹಿಡಿದು ಬೇವಿನ ಮರದ ಬುಡದಲ್ಲಿ ಕೂತಿದ್ದಳು. ನಾನು ಕೇಳದೆಯೇ ಬರೆಯತೊಡಗಿದಳು. ಹೊರಗೋಡೆ, ನಡುವೆ ಬಾಗಿಲು, ಒಳಗೆ ಒಲೆ, ಅದರ ಪಕ್ಕ ನೆಲದಲ್ಲಿ ಹುಗಿದ ಒಳಕಲ್ಲು. ಒಳಕಲ್ಲನ್ನು ಅವಳು ಬಹಳ ಎಚ್ಚರಿಕೆಯಿಂದ ಬರೆದಳು. ಅತ್ತೆ ಮಲಗುವುದು ಎಲ್ಲಿ ಎಂದೆ. ಬಾಗಿಲ ಹತ್ತಿರ ಒಂದು ಗೆರೆ ಎಳೆದಳು. ದುರುಗಿ ಎಲ್ಲಿ ಮಲಗುತ್ತಾಳೆ ಎಂದೆ.

ಅವಳು ಒಳಕಲ್ಲಿನ ಆಚೆ, ಮೂಲೆಯಲ್ಲಿ, ಒಂದು ಸುತ್ತು ಬರೆದಳು.

"ಇದೇನಮ್ಮಾ?"

"ಬುಟ್ಟಿ ಮುಚ್ಚ್ಯಾರ್ರಿ."

ನಾನು ಮೈಸೂರಿನ ಪೇಟೆಯ ಓಣಿಯಲ್ಲಿ ಬೆಳೆದವಳು. ಬುಟ್ಟಿ ಮುಚ್ಚುವುದೆಂದರೆ ನನಗೆ ಗೊತ್ತಿದ್ದದ್ದು ಒಂದೇ. ಈ ಕಡೆಯ ಹಳ್ಳಿಗಳಲ್ಲಿ ಕೋಳಿಮರಿಗಳ ಮೇಲೆ ಬುಟ್ಟಿ ಬೋರಲು ಹಾಕಿರುವುದನ್ನು ಕಂಡಿದ್ದೆ. "ಕೋಳಿ ಬುಟ್ಟಿಯಾ?" ಎಂದೆ. ಹುಲಿಗೆಮ್ಮ ತಲೆಯೆತ್ತಿ ನನ್ನನ್ನು ನೋಡಿದಳು.

"ಹಂಗಂತ ಬರ್ಕೋರಿ," ಎಂದಳು.

ನಾನು ಹಾಗೆಂದೇ ಬರೆದುಕೊಂಡೆ. ಮಗಳು ಮಲಗುವ ಜಾಗದಲ್ಲಿ ಕೋಳಿಮರಿ, ಸಂಸಾರದ ಹಂಬಲ ಬತ್ತಿಲ್ಲ, ಒಳ್ಳೆಯ ಲಕ್ಷಣ. ನೀನು ಎಲ್ಲಿ ಮಲಗುತ್ತೀ ಎಂಬ ಕೊನೆಯ ಪ್ರಶ್ನೆಗೆ ಅವಳು ಇದ್ದಿಲನ್ನು ಕೆಳಗಿಟ್ಟು ಕೈ ಒರೆಸಿಕೊಂಡಳು. ಈರಮ್ಮನೂ ಉಳಿದವರೂ ಆ ಹೊತ್ತಿಗೆ ಒಮ್ಮೆಲೇ ಸುಮ್ಮನಾದರೆಂದು ನನಗೆ ನೆನಪಿದೆ. ಆದರೆ ಅದು ಆ ದಿನ ನಾನು ಗಮನಿಸಿದ್ದೋ, ಆಮೇಲೆ ನಾನೇ ತಂದು ಸೇರಿಸಿದ್ದೋ ಹೇಳಲಾರೆ. ಬಾಗಿಲಲ್ಲಿ ಕೂತಿದ್ದ ಕಾವಲಿನ ರಜಿಯಾ ಬೀ, "ಬಸ್, ಇವತ್ತಿಗೆ ಸಾಕ್ರಿ ಅಕ್ಕಾರ," ಎಂದು ಬೀಗದ ಕೈ ಅಲ್ಲಾಡಿಸಿದಳು. ಅದೂ ಅವಳು ಪ್ರತಿ ವಾರ ಅನ್ನುವ ಮಾತೇ.

ಗುರುವಾರ ದೇವದುರ್ಗದ ಬಸ್ಸು ಹತ್ತಿದೆ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಮಧ್ಯಾಹ್ನದ ಹೊತ್ತಿಗೆ, ಊರು ಇನ್ನೂ ಮೂರು ಮೈಲಿ ಇರುವಾಗ ಒಂದು ಕ್ರಾಸಿನಲ್ಲಿ ಇಳಿದೆ. ನನ್ನ ಜೊತೆ ಇನ್ನೊಬ್ಬ ಹೆಂಗಸು ಇಳಿದಳು. ತಲೆಯ ಮೇಲೆ ಬಟ್ಟೆ ಕಟ್ಟಿದ ದೊಡ್ಡ ರೊಟ್ಟಿ ಗಂಟು. ಅವಳೂ ಅದೇ ಹಳ್ಳಿಗೆ ಹೊರಟವಳು. ಕರಿಮಣ್ಣಿನ ದಾರಿ, ಕಾಲಿಡಲಾಗದ ಬಿಸಿಲು. ಮಾತಿಗೆ ಇರಲಿ ಎಂದು ನಾನು, ಹುಲಿಗೆಮ್ಮನ ಅತ್ತೆಯ ಹೆಸರು ಹೇಳಿ, ಅವರ ಮನೆಯಲ್ಲಿ ಕೋಳಿ ಸಾಕಿದ್ದಾರಾ ಎಂದು ಕೇಳಿದೆ. ಅವಳು ನಡೆಯುತ್ತಿದ್ದವಳು ನಿಂತಳು.

"ಕೋಳಿ? ಹ್ವಾದ ವರ್ಷ ರೋಗ ಬಂದು ಇಡೀ ಊರಾಗಿನ ಕೋಳಿ ಎಲ್ಲಾ ಸತ್ವು. ಈಗ ಯಾರ ಮನ್ಯಾಗೂ ಇಲ್ಲ. ನೀವು ಕೋಳಿ ಕೊಳ್ಳಾಕ ಬಂದೀರೇನು?"

"ಇಲ್ಲಮ್ಮ. ಮನೆಯವರನ್ನು ಮಾತಾಡಿಸಬೇಕಿತ್ತು."

"ಮಾತಾಡ್ಸಾಕ ಅಲ್ಲಿ ಯಾರಿಗೆ ಬಾಯಿ ಅದ ಇವತ್ತು? ನಾನೂ ಅಲ್ಲಿಗೇ ಹೊಂಟೀನಿ. ಒಲಿ ಹಚ್ಚಂಗಿಲ್ಲಲ್ಲ, ಅದಕ್ಕ ರೊಟ್ಟಿ ಒಯ್ಯಾಕತ್ತೀನಿ." ತಲೆಯ ಗಂಟನ್ನು ಸರಿಮಾಡಿಕೊಂಡು ಮುಂದುವರಿಸಿದಳು. "ಆ ಹುಡುಗಿ ಹೋತ್ರಿ, ದುರುಗಿ. ನಿನ್ನಿ ಮಧ್ಯಾಹ್ನದ ತನಕ ಆಡಿಕೊಂಡಿತ್ತಂತ. ವಾಂತಿ ಭೇದಿ ಚಾಲೂ ಆತು. ಗಾಡಿ ಕಟ್ಟೂದ್ರಾಗ ಮುಗೀತು. ಇವತ್ತು ಮುಂಜಾನಿ ಮಣ್ಣು ಮಾಡ್ಯಾರ."

ಆ ಮೇಲಿನ ದಾರಿ ನನಗೆ ನೆನಪಿಲ್ಲ. ನೆನಪಿಲ್ಲದ್ದನ್ನು ಬರೆಯುವುದಿಲ್ಲ.

ಮನೆಯ ಬಾಗಿಲು ಹುಲಿಗೆಮ್ಮ ಬರೆದ ಹಾಗೆ ನಡುವೆ ಇರಲಿಲ್ಲ, ಎಡಕ್ಕಿತ್ತು. ಇದನ್ನು ಹೇಳಲೇಬೇಕು. ಎರಡು ವರ್ಷದ ಹಿಂದೆ ಇಟ್ಟ ಒಂದು ಕಿಟಕಿಯೂ ಇತ್ತು. ಅದು ಅವಳ ಚಿತ್ರದಲ್ಲಿ ಇರಲಿಲ್ಲ. ಅವಳು ಎಲ್ಲವನ್ನೂ ಕಂಡವಳಲ್ಲ. ಒಳಗೆ ಕತ್ತಲು. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಕಂಡದ್ದು ಒಂದು ಹಣತೆಯ ದೀಪ. ಆಮೇಲೆ ಅದರ ಪಕ್ಕದಲ್ಲಿ, ಒಳಕಲ್ಲಿನ ಆಚೆಯ ಮೂಲೆಯಲ್ಲಿ, ನೆಲಕ್ಕೆ ಬೋರಲು ಹಾಕಿದ ಬಿದಿರಿನ ಬುಟ್ಟಿ.

ಅದರೊಳಗೆ ಏನಿದೆ ಎಂದು ನಾನು ಕೇಳಿರಬೇಕು. ಕೇಳಿದ್ದು ನನಗೆ ನೆನಪಿಲ್ಲ, ಉತ್ತರ ಮಾತ್ರ ನೆನಪಿದೆ. ಉತ್ತರ ಕೊಟ್ಟವಳು ರೊಟ್ಟಿ ತಂದ ಹೆಂಗಸು. ಮಣ್ಣು ಮಾಡಿ ಬಂದ ಮೇಲೆ, ಜೀವ ಹೋದ ಜಾಗದಲ್ಲಿ ಹಿಟ್ಟು ಹರಡಿ ಬುಟ್ಟಿ ಮುಚ್ಚುತ್ತಾರೆ, ಮರುದಿನ ಮುಂಜಾನೆ ತೆಗೆದು ನೋಡುತ್ತಾರೆ. ಹಿಟ್ಟಿನ ಮೇಲೆ ಯಾವ ಹೆಜ್ಜೆ ಮೂಡಿರುತ್ತದೋ, ಹೋದವರು ಆ ಜನ್ಮಕ್ಕೆ ಹೋದರೆಂದು ಅರ್ಥ. ಆಕಳದ್ದಿರಬಹುದು, ಹಕ್ಕಿಯದ್ದಿರಬಹುದು, ಇರುವೆಯ ಸಾಲಿರಬಹುದು. ಹುಡುಗಿ ದಿನಾ ಮಲಗುತ್ತಿದ್ದದ್ದು ಆ ಮೂಲೆಯಲ್ಲೇ, ಸತ್ತದ್ದೂ ಅಲ್ಲೇ.

ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ನಾನು ಯಾರೆಂದು ಹೇಳಿದೆ. ಆಮೇಲೆ, ಅಳುವಿಲ್ಲದ ಒಣ ದನಿಯಲ್ಲಿ ಹೇಳಿದಳು:

"ಎಂಟ ದಿನ ಮೊದಲ ಬಂದಿದ್ರ ಹೂಂ ಅಂತಿದ್ದೆ ಯವ್ವಾ. ಕೂಸಿನ ಸಿಟ್ಟು ನನಗೂ ಇತ್ತು. ಆದರ ದುರುಗಿ ಬಿಡ್ತಿರಲಿಲ್ಲ. ಅವ್ವನ್ನ ಯಾವಾಗ ಕರಕೊಂಡ್ ಬರ್ತಿ, ಅವ್ವನ್ನ ಯಾವಾಗ ಕರಕೊಂಡ್ ಬರ್ತಿ. ಈಗ ಅಕಿ ಯಾರ ಸಲುವಾಗಿ ಬರಬೇಕು ಹೇಳು?"

ನನ್ನ ಚೀಲದಲ್ಲಿ ಒಪ್ಪಿಗೆಯ ಕಾಗದವಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ. ಕೊನೆಯ ಬಸ್ಸಿಗೆಂದು ಬೇಗ ಎದ್ದೆ. ಬುಟ್ಟಿ ತೆಗೆಯುವುದು ಮರುದಿನ ಮುಂಜಾನೆ. ಅದನ್ನು ನಾನು ನೋಡಲಿಲ್ಲ.

ಈಗ ವಿಚಾರಣೆಗೆ ಬರೋಣ. ಹುಲಿಗೆಮ್ಮ ಸುತ್ತು ಬರೆದದ್ದು ಮಂಗಳವಾರ. ಹುಡುಗಿ ಹಾಸಿಗೆ ಹಿಡಿದದ್ದು ಬುಧವಾರ ಮಧ್ಯಾಹ್ನ. ಕಾಯಿಲೆಯ ಸುದ್ದಿ ಜೈಲಿಗೆ ಮೊದಲೇ ಮುಟ್ಟಿತ್ತು ಎನ್ನಲು ಮಂಗಳವಾರ ಕಾಯಿಲೆಯೇ ಇರಲಿಲ್ಲ. ಹಾಗಾದರೆ ತಪ್ಪಿರಬೇಕಾದದ್ದು ನನ್ನ ನೆನಪು. ಆ ಸುತ್ತು ಮಂಗಳವಾರ ನಿಜವಾಗಿ ಅಲ್ಲಿತ್ತೇ?

ಚಿತ್ರ ಇಳಿಸಿಕೊಂಡ ಹಾಳೆ ಈಗಲೂ ನನ್ನ ಹತ್ತಿರವಿದೆ. ಅದರಲ್ಲಿ ಸುತ್ತು ಇದೆ, ಪಕ್ಕದಲ್ಲಿ ನನ್ನ ಅಕ್ಷರದಲ್ಲಿ "ಕೋಳಿ ಬುಟ್ಟಿ" ಎಂದಿದೆ. ಆದರೆ ನಾನು ಕಚ್ಚಾ ಚಿತ್ರವನ್ನು ವರದಿಗೆಂದು ಮತ್ತೊಮ್ಮೆ ಅಂದವಾಗಿ ಬರೆದು, ಕಚ್ಚಾದ್ದನ್ನು ಎಸೆಯುವ ಅಭ್ಯಾಸದವಳು. ನನ್ನ ಹತ್ತಿರ ಉಳಿದಿರುವುದು ಅಂದವಾದದ್ದು. ಅದನ್ನು ಬುಧವಾರ ಬರೆದೆನೋ, ದೇವದುರ್ಗದಿಂದ ಬಂದ ಮೇಲೆ ಬರೆದೆನೋ, ಹಾಳೆಯ ಮೇಲೆ ತಾರೀಖಿಲ್ಲ. ಇಂಥ ಸಾಕ್ಷ್ಯವನ್ನು ಒಬ್ಬ ವಿದ್ಯಾರ್ಥಿನಿ ತಂದಿದ್ದರೆ ನಾನು ಒಪ್ಪುತ್ತಿರಲಿಲ್ಲ.

ಮುಂದಿನ ವಾರಗಳಲ್ಲಿ ಈರಮ್ಮನನ್ನು ಬದಿಗೆ ಕರೆದು ಕೇಳಿದೆ. "ಎರಡ ಸುತ್ತು ಬರದಿದ್ಲಲ್ರಿ," ಎಂದಳು ಅವಳು. ನೀವೆಲ್ಲ ಸುಮ್ಮನಾದದ್ದು ಯಾಕೆ ಎಂದರೆ, "ನಾವೆಲ್ಲಿ ಸುಮ್ನಾದ್ವಿ? ರೊಟ್ಟಿ ಗಂಟಿ ಬಾರಿಸ್ತು, ಎದ್ವಿ." ರಜಿಯಾ ಬೀಗೆ ಚಿತ್ರದ ನೆನಪೇ ಇರಲಿಲ್ಲ. "ನೀವು ವಾರವಾರ ಏನೇನೋ ಬರಸ್ತೀರಿ, ನಾವು ವಾರವಾರ ತೊಳಸ್ತೀವಿ," ಎಂದಳು.

ನನ್ನನ್ನು ತಡೆಯುವುದು ದಾರಿಯಲ್ಲಿ ಕೇಳಿದ ಆ ಕೋಳಿಯ ಪ್ರಶ್ನೆಯೊಂದೇ. ಸಾವಿನ ಸುದ್ದಿ ತಿಳಿಯುವ ಮೊದಲೇ ನಾನು ಕೋಳಿಯ ಮಾತೆತ್ತಿದೆ, ರೊಟ್ಟಿಯ ಹೆಂಗಸು ನಿಂತು ನನ್ನನ್ನು ಕೋಳಿ ಕೊಳ್ಳುವವಳೆಂದು ತಿಳಿದಳು. ಬುಟ್ಟಿಯ ಮಾತು ಮಂಗಳವಾರ ಬಂದಿರದಿದ್ದರೆ ಕೋಳಿ ನನ್ನ ತಲೆಗೆ ಎಲ್ಲಿಂದ ಬಂತು?

ಇನ್ನೊಂದು ವಿವರಣೆಯನ್ನೂ ಕೊಟ್ಟುಕೊಂಡಿದ್ದೇನೆ. ನಾನು ದುರುಗಿಯ ಬಗ್ಗೆ ಕೇಳಿದರೂ ಹುಲಿಗೆಮ್ಮನ ಮನಸ್ಸಿನಲ್ಲಿದ್ದದ್ದು ಸತ್ತ ಕೂಸು. ಏಳು ವರ್ಷ ಅವಳು ಆ ಕೂಸಿಗಾಗಿ ಒಳಗೊಳಗೇ ಬುಟ್ಟಿ ಮುಚ್ಚುತ್ತಲೇ ಇದ್ದಳು. ಅಂದು ಅದು ಹೊರಗೆ ಬಂತು, ಮರುದಿನದ ಸಾವು ಕಾಕತಾಳೀಯ. ಹಾಲು ಕುಡಿಯುವ ಕೂಸುಗಳಿಗೆ ಬುಟ್ಟಿ ಮುಚ್ಚುವ ಪದ್ಧತಿಯಿಲ್ಲವೆಂದು ಆಮೇಲೆ ತಿಳಿಯಿತು. ಆದರೆ ಪದ್ಧತಿಯಲ್ಲಿಲ್ಲದ್ದನ್ನು ತಾಯಿ ಮನಸ್ಸಿನಲ್ಲಿ ಮಾಡಬಾರದೆಂದೇನೂ ಇಲ್ಲ. ಎಷ್ಟೋ ವರ್ಷ ಈ ವಿವರಣೆಯನ್ನು ಹಿಡಿದುಕೊಂಡೇ ಇದ್ದೆ. ಪಾಠ ಮಾಡಲು ಅನುಕೂಲವಾದ ವಿವರಣೆ ಅದು.

ಶುಕ್ರವಾರ ಮಧ್ಯಾಹ್ನ ಸುದ್ದಿ ತಿಳಿಸಲು ಜೈಲಿಗೆ ಹೋದೆ. ನೀವೇ ಹೇಳಿ, ನಿಮ್ಮ ಮಾತು ಕೇಳುತ್ತಾಳೆ ಎಂದಿದ್ದರು ಅಧಿಕಾರಿಗಳು. ಹುಲಿಗೆಮ್ಮ ಅಂಗಳದಲ್ಲಿ ಮೊರ ಇಟ್ಟುಕೊಂಡು ಜೋಳದಲ್ಲಿನ ಕಲ್ಲು ಆರಿಸುತ್ತಿದ್ದಳು. ನಾನು ಎದುರಿಗೆ ಕೂತೆ.

ಇಲ್ಲಿಂದ ಮುಂದೆ ನನ್ನ ಹತ್ತಿರ ಎರಡು ನೆನಪುಗಳಿವೆ. ಒಂದರಲ್ಲಿ, ನಾನು ಬಾಯಿ ತೆರೆಯುವ ಮೊದಲೇ ಅವಳು ಮೊರದಿಂದ ತಲೆಯೆತ್ತದೆ, "ಏನ್ ಹೆಜ್ಜಿ ಬಿದ್ದಿತ್ರಿ ಅಕ್ಕಾರ?" ಎಂದು ಕೇಳುತ್ತಾಳೆ. ಇನ್ನೊಂದರಲ್ಲಿ, ನಾನು ಎಲ್ಲವನ್ನೂ ಹೇಳುತ್ತೇನೆ, ಅವಳು ಕೇಳಿಸಿಕೊಳ್ಳುತ್ತಾಳೆ, ಆಮೇಲೆ ಅದೇ ಪ್ರಶ್ನೆ ಕೇಳುತ್ತಾಳೆ. ಮೊದಲನೆಯದು ನಿಜವಾದರೆ ಇದು ವಿಚಿತ್ರ, ಎರಡನೆಯದು ನಿಜವಾದರೆ ಬರೀ ದುಃಖ. ಬರೆಯುವವಳಿಗೆ ಮೊದಲನೆಯದೇ ಬೇಕು. ಅದಕ್ಕೇ ಅದರ ಮೇಲೆ ನನಗೆ ಅಪನಂಬಿಕೆ. ಆದರೆ ಎರಡೂ ನೆನಪುಗಳಲ್ಲಿ ಪ್ರಶ್ನೆ ಒಂದೇ, ಅವಳ ಬೆರಳುಗಳು ಜೋಳದಲ್ಲಿ ನಿಂತುಹೋದದ್ದೂ ಒಂ‍ದೇ.

ಬುಟ್ಟಿ ತೆಗೆಯುವ ಮೊದಲೇ ನಾನು ಹೊರಟು ಬಂದಿದ್ದೆ. ಗೊತ್ತಿಲ್ಲ ಎಂದು ಹೇಳಬೇಕಿತ್ತು. ಅದೇ ನಿಜವೂ ಆಗಿತ್ತು.

"ಗುಬ್ಬಿಯದು," ಎಂದೆ.

ಅವಳು ಈಗ ತಲೆಯೆತ್ತಿದಳು. "ಗುಬ್ಬೀದಾ?"

"ಹೌದು. ಸಣ್ಣ ಹೆಜ್ಜೆ. ಎರಡು ಮೂರು ಇದ್ದವು."

ಇದು ನಾನು ಕಟ್ಟಿದ್ದು. ಎಷ್ಟು ಸಲೀಸಾಗಿ ಕಟ್ಟಿದೆನೆಂದರೆ, ಇದನ್ನು ಬರೆಯುವಾಗಲೂ ಹಿಟ್ಟಿನ ಮೇಲಿನ ಆ ಹೆಜ್ಜೆಗಳು ನನ್ನ ಕಣ್ಣಿಗೆ ಕಾಣುತ್ತಿವೆ.

"ಗುಬ್ಬಿ ಬಾವ್ಯಾಗ ಗೂಡು ಕಟ್ತಾವ್ರಿ," ಎಂದಳು. "ಬಾವಿಗೆ ಅಂಜಂಗಿಲ್ಲ ಅವು."

ಆಮೇಲೆ ಮತ್ತೆ ಕಲ್ಲು ಆರಿಸತೊಡಗಿದಳು. ಈರಮ್ಮ ಬಂದು ಪಕ್ಕದಲ್ಲಿ ಕೂತು, ಅದೇ ಮೊರಕ್ಕೆ ಕೈ ಹಾಕಿ ತಾನೂ ಆರಿಸತೊಡಗಿದಳು. ಆ ದಿನ ಹುಲಿಗೆಮ್ಮ ಊಟ ಮಾಡಲಿಲ್ಲ. ಮರುದಿನ ಮಾಡಿದಳೆಂದು ರಜಿಯಾ ಬೀ ಹೇಳಿದಳು.

ವರದಿ ನನ್ನ ಮೇಜಿನ ಮೇಲೆಯೇ ಉಳಿಯಿತು. ಮನೆಯವರು ಸೇರಿಸಿಕೊಳ್ಳುತ್ತಾರೆಯೇ ಎಂಬ ಜಾಗದಲ್ಲಿ ಬರೆಯಲು ನನ್ನ ಹತ್ತಿರ ಏನೂ ಇರಲಿಲ್ಲ. ಮಹಿಳಾ ನಿಲಯಕ್ಕೆ ಶಿಫಾರಸು ಬರೆಯಲು ಎರಡು ಸಲ ಕೂತೆ. ಹುಲಿಗೆಮ್ಮ ಯಾವುದನ್ನೂ ಕೇಳುತ್ತಿರಲಿಲ್ಲ. ಮಂಗಳವಾರಗಳಲ್ಲಿ ಉಳಿದವರು ಮನೆ ಬರೆಯುವಾಗ ಅವಳು ನೀರಿನ ಕೊಡ ಹಿಡಿದು ನಿಂತಿರುತ್ತಿದ್ದಳು, ಬರೆದದ್ದನ್ನು ತೊಳೆಯಲು.

ಮಳೆಗಾಲ ಮುಗಿದ ಮೇಲೆ ಕೊನೆಯ ಸಲವೆಂದು ಆ ಹಳ್ಳಿಗೆ ಹೋದೆ. ಒಪ್ಪಿಗೆ ಸಿಗುತ್ತದೆಂದು ಹೋದದ್ದಲ್ಲ; ಸಿಗುವುದಿಲ್ಲವೆಂದು ಬರೆಯಬೇಕಾದರೂ ಒಮ್ಮೆ ಕೇಳಿರಬೇಕಲ್ಲ ಎಂದು. ಅತ್ತೆ ಒಬ್ಬಳೇ ಇದ್ದಳು, ಇನ್ನಷ್ಟು ಬಗ್ಗಿದ್ದಳು. ಮಜ್ಜಿಗೆ ಕೊಟ್ಟಳು. ನಾನು ಕಾಗದದ ವಿಷಯ ಎತ್ತುವ ಮೊದಲು ಅವಳೇ ಕೇಳಿದಳು.

"ಸುದ್ದಿ ಕೇಳಿ ಅಕಿ ಏನಂದ್ಲು?"

"ಯಾವ ಹೆಜ್ಜೆ ಬಿದ್ದಿತ್ತು ಎಂದು ಕೇಳಿದಳು."

"ಅಕಿಗೆ ಇನ್ನೂ ನೆನಪದ ಅದೆಲ್ಲಾ?" ಮುದುಕಿ ಮಜ್ಜಿಗೆಯ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡಳು. "ನೀವೇನ್ ಹೇಳಿದ್ರಿ? ನೀವು ನೋಡಿರಲೇ ಇಲ್ಲ."

"ಗುಬ್ಬಿಯದು ಎಂದು ಹೇಳಿಬಿಟ್ಟೆ."

ಅವಳು ಬಯ್ಯುತ್ತಾಳೆ ಎಂದುಕೊಂಡೆ. ಸತ್ತವರ ವಿಷಯದಲ್ಲಿ ಸುಳ್ಳು ಹೇಳಿದ್ದೆ, ಅದೂ ಹೊರಗಿನವಳು. ನಿಜವಾಗಿ ಏನು ಬಿದ್ದಿತ್ತು ಎಂದು ಕೇಳಬೇಕೆಂದಿದ್ದವಳು ಕೇಳಲಿಲ್ಲ. ಮುದುಕಿ ಆ ಮೂಲೆಯ ಕಡೆ ನೋಡಿದಳು. ಅಲ್ಲಿ ಈಗ ಜೋಳದ ಚೀಲವಿತ್ತು.

"ಹಂಗಾರ ಗುಬ್ಬೀದ," ಎಂದಳು. "ಅಕಿ ಬಂದು ಕೇಳಿದ್ರ ನಾನೂ ಅದ ಹೇಳ್ತೀನಿ."

ಆಮೇಲೆ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದಳು. ನಾನು ಮಸಿಯ ಡಬ್ಬಿ ಹುಡುಕಲು ತಡಕಾಡಿದೆ.

ಹುಲಿಗೆಮ್ಮ ಬಿಡುಗಡೆಯಾಗಿ ಆ ಮನೆಗೇ ಹೋದಳು. ಅತ್ತೆಯೂ ಅವಳೂ ಇಬ್ಬರೇ ಇದ್ದರು. ಅವಳು ಹೊಲದ ಕೆಲಸಕ್ಕೆ ಹೋಗುತ್ತಿದ್ದಳು, ಮುದುಕಿ ಒಲೆ ನೋಡಿಕೊಳ್ಳುತ್ತಿದ್ದಳು. ನನ್ನ ಅಧ್ಯಯನದಲ್ಲಿ ಅದು ಒಳ್ಳೆಯ ಫಲಿತಾಂಶವೆಂದು ಸೇರಿತು. ಯಾಕೆ ಒಳ್ಳೆಯದಾಯಿತು ಎಂಬ ಅಂಕಣದಲ್ಲಿ ನಾನು ಬರೆದದ್ದು ಪೂರ್ತಿ ಬೇರೆ.

ಎಂಬತ್ತರ ದಶಕದಲ್ಲಿ ಎರಡು ಸಲ ಅವರನ್ನು ಕಾಣಲು ಹೋಗಿದ್ದೆ. ಎರಡೂ ಸಲ ಹುಲಿಗೆಮ್ಮ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದಳು. ಬಿಸಿಲಿನ ಆ ಮಣ್ಣುದಾರಿಯಲ್ಲಿ ನಾವಿಬ್ಬರೇ. ಆ ಮಂಗಳವಾರ ನೀನು ಬರೆದ ಸುತ್ತು ಏನು, ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಕೇಳಿದರೆ ಅವಳು ಹೇಳುತ್ತಿದ್ದಳೇನೋ. ಆದರೆ ಮಾತು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಬುಟ್ಟಿಯಿಂದ ಹಿಟ್ಟಿಗೆ, ಹಿಟ್ಟಿನಿಂದ ಹೆಜ್ಜೆಗೆ ಬರುತ್ತಿತ್ತು. ಅವಳ ಬಾಯಿಂದ ನಿಜ ಕೇಳಿ, ನಾನು ಸುಳ್ಳನ್ನೇ ಇಟ್ಟುಕೊಂಡು ಬಸ್ಸು ಹತ್ತುವುದು ನನ್ನಿಂದ ಆಗುತ್ತಿರಲಿಲ್ಲ. ನನ್ನದನ್ನೂ ಹೇಳಿಬಿಡುತ್ತಿದ್ದೆ. ಹಾಗಾಗಿ ಎರಡು ಸಲವೂ ಜೋಳದ ಬೆಳೆಯ ಬಗ್ಗೆ ಮಾತಾಡಿದೆವು.

ಮೂರನೆಯ ಸಲ ಹೋಗಬೇಕೆನ್ನುವ ಹೊತ್ತಿಗೆ ನನಗೆ ಮೈಸೂರಿಗೆ ವರ್ಗವಾಗಿತ್ತು, ಹೋಗಲಿಲ್ಲ. ಮಂಗಳವಾರ ಆ ಹಾಸುಗಲ್ಲಿನ ಮೇಲೆ ಏನಿತ್ತು ಎಂದು ನನಗೆ ಖಾತ್ರಿಯಾಗಿ ಗೊತ್ತಿಲ್ಲ. ಶುಕ್ರವಾರ ಮುಂಜಾನೆ ಆ ಹಿಟ್ಟಿನ ಮೇಲೆ ಏನಿತ್ತು ಎಂದೂ ಗೊತ್ತಿಲ್ಲ. ಅದನ್ನು ಕಂಡವಳು ಆ ಮುದುಕಿಯೊಬ್ಬಳೇ, ಅವಳು ನನಗೆ ಹೇಳಲಿಲ್ಲ.